ಫೋಲ್ಡರ್ ಯಾರ ಹೆಸರಲ್ಲಿದೆ?

ಕಲಬುರಗಿಯಲ್ಲಿ ಮನೆಯಿಂದಲೇ ವರ್ಚುವಲ್ ಅಸಿಸ್ಟೆಂಟ್ ಕೆಲಸ, ಅಂದರೆ ಬೇರೆಯವರ ಆಫೀಸ್ ಕೆಲಸವನ್ನು ಆನ್‌ಲೈನ್‌ನಲ್ಲೇ ಮಾಡಿಕೊಡುವುದು, ಶುರು ಮಾಡಿದಾಗ, ಮೊದಲ ತಿಂಗಳಲ್ಲೇ ಒಂಬತ್ತು ಆ್ಯಪ್‌ಗಳಿಗೆ ಸೈನಪ್ ಆಗಿದ್ದೆ. ಟಾಸ್ಕ್‌ಗೆ ಒಂದು, ನೋಟ್ಸ್‌ಗೆ ಒಂದು, ಗಂಟೆ ಲೆಕ್ಕಕ್ಕೆ ಒಂದು, ಬಿಲ್‌ಗೆ ಒಂದು. ಈಗ ದಿನಾ ತೆಗೆಯುವುದು ನಾಲ್ಕೇ. ನಮ್ಮ ಕಡೆ ಈ ಕೆಲಸಕ್ಕೆ ಇಳಿಯುವವರ ದುಡ್ಡು, ಸಮಯ ಎರಡೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ಗಿರಾಕಿ ತೊಗರಿ ದಾಲ್ ಮಿಲ್ ನಡೆಸುವ ಹಿರಿಯರು. ಬೇಳೆಯ ರೇಟ್ ಕೇಳುವವರಿಗೆ ಉತ್ತರ, ಸ್ಯಾಂಪಲ್ ಕಳಿಸಿದ ಲೆಕ್ಕ, ಲಾರಿ ಹೊರಟಿತಾ ಇಲ್ಲವಾ, ಬಾಕಿ ವಸೂಲಿ ನೆನಪಿಸುವುದು, ಇಷ್ಟು ಕೆಲಸ. ನಾನು ಎರಡು ಸಂಜೆ ಕೂತು ಟ್ರೆಲ್ಲೊ ಅನ್ನುವ ಟಾಸ್ಕ್ ಆ್ಯಪ್‌ನಲ್ಲಿ ಚೆಂದದ ಬೋರ್ಡ್ ಮಾಡಿಕೊಂಡು ಹೋದೆ. ಅವರು ಸಮಾಧಾನವಾಗಿ ನೋಡಿದರು. "ತಂಗೀ, ಛಂದ ಅದ. ಆದ್ರ ದಿನಾ ಇದನ್ನ ತೆಗದು ನೋಡೂದು ನನ್ನ ಕೈಲೆ ಆಗಂಗಿಲ್ಲ. ವಾಟ್ಸಾಪ್‌ನಾಗ ಹಾಕಿಬಿಡು" ಅಂದರು.

ಅವತ್ತೇ ವಾಟ್ಸಾಪ್ ಬಿಸಿನೆಸ್‌ಗೆ ಬಂದೆ. ಒಂದು ನಂಬರ್‌ಗೆ ಫೋನ್ ಬಿಟ್ಟು ಇನ್ನೂ 4 ಡಿವೈಸ್ ಜೋಡಿಸಬಹುದು. ಹಾಗಾಗಿ ಅವರ ಫೋನ್ ಮಿಲ್ಲಲ್ಲೇ ಇರುತ್ತದೆ, ನಾನು ಮನೆಯ ಲ್ಯಾಪ್‌ಟಾಪ್‌ನಲ್ಲಿ ಉತ್ತರ ಕೊಡುತ್ತೇನೆ. ಚಾಟ್‌ಗಳಿಗೆ ಮೂರು ಲೇಬಲ್: ರೇಟ್ ಕೇಳಿದವರು, ಸ್ಯಾಂಪಲ್ ಹೋಗಿದೆ, ದುಡ್ಡು ಬಾಕಿ. ಪದೇ ಪದೇ ಬರುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಇದೆ. ಬೆಳಿಗ್ಗೆ ಅವರ ವಾಯ್ಸ್ ನೋಟ್ ಬರುತ್ತದೆ, ಅದನ್ನು ಕೇಳಿ ಗೂಗಲ್ ಶೀಟ್‌ನಲ್ಲಿ ಸಾಲು ತುಂಬುತ್ತೇನೆ. ಈಗ ಹೊಸ ಗಿರಾಕಿ ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ ಒಂದೇ: "ಬೆಳಿಗ್ಗೆ ಎದ್ದು ಮೊದಲು ಯಾವ ಆ್ಯಪ್ ತೆಗೀತೀರಿ?" ಬೇರೆ ಟೂಲ್ ವಿಚಾರ ಆಮೇಲೆ.

ದೊಡ್ಡ ಪೆಟ್ಟು ತಿಂದಿದ್ದು ಮಾತ್ರ ಸ್ಟೋರೇಜ್ ವಿಷಯದಲ್ಲಿ. ಒಂದು ಸೀರೆ ಅಂಗಡಿಯ ಫೋಟೊಗಳನ್ನೆಲ್ಲಾ ನನ್ನ ಸ್ವಂತ ಜಿಮೇಲ್‌ನ ಡ್ರೈವ್‌ಗೆ ಹಾಕುತ್ತಾ ಹೋದೆ. ಉಚಿತವಾಗಿ ಸಿಗುವ 15 ಜಿಬಿ ಡ್ರೈವ್, ಜಿಮೇಲ್, ಗೂಗಲ್ ಫೋಟೋಸ್ ಮೂರಕ್ಕೂ ಸೇರಿ ಅನ್ನುವುದು ಗೊತ್ತಿತ್ತು, ಆದರೆ ಗಮನ ಇಟ್ಟಿರಲಿಲ್ಲ. ಮದುವೆ ಸೀಸನ್‌ನಲ್ಲಿ ಅದು ತುಂಬಿತು. ತುಂಬಿದ ಮೇಲೆ ಹೊಸ ಮೇಲ್ ಬರುವುದೇ ನಿಂತುಹೋಗುತ್ತದೆ, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಎರಡು ದಿನ ನನಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ಇನ್ನೊಬ್ಬ ಗಿರಾಕಿ ಫೋನ್ ಮಾಡಿ, "ಮೇಲ್ ವಾಪಸ್ ಬರಾಕತ್ತದ, ಕೆಲಸ ಬಿಟ್ರೇನ್ರಿ?" ಅಂತ ಕೇಳಿದಾಗ ಎದೆ ಧಸಕ್ ಅಂದಿತು.

ಅವತ್ತಿಂದ ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಗಿರಾಕಿಯ ಫೋಲ್ಡರ್ ನಮಗೆ ಶೇರ್ ಆಗಿದ್ದರೆ ಸಾಕು, ಫೈಲ್ ಅವರದ್ದೇ ಆಯಿತು ಅಂದುಕೊಳ್ಳಬೇಡಿ. ಸಾಮಾನ್ಯ ಜಿಮೇಲ್ ಖಾತೆಯಲ್ಲಿ ಫೈಲ್ ಯಾರು ಅಪ್‌ಲೋಡ್ ಮಾಡುತ್ತಾರೋ ಅವರದ್ದೇ. ಜಾಗವೂ ಅವರ ಲೆಕ್ಕದಲ್ಲೇ ಹೋಗುತ್ತದೆ. ಅದಕ್ಕೇ ಈಗ ಕೆಲಸ ಶುರುವಾಗುವ ಮೊದಲೇ ಅಂಗಡಿಯ ಹೆಸರಲ್ಲೇ ಒಂದು ಜಿಮೇಲ್ ಮಾಡಿಸುತ್ತೇನೆ. ನನ್ನ ಕ್ರೋಮ್‌ನಲ್ಲಿ ಪ್ರತಿ ಗಿರಾಕಿಗೆ ಬೇರೆ ಪ್ರೊಫೈಲ್, ಬೇರೆ ಬಣ್ಣ. ದಾಲ್ ಮಿಲ್ ಹಳದಿ, ಸೀರೆ ಅಂಗಡಿ ಗುಲಾಬಿ. ಹಳದಿ ಕಿಟಕಿಯಲ್ಲಿ ಸೀರೆಯ ಕೆಲಸ ಮಾಡುತ್ತಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ.

ಲಾಗಿನ್ ಆಗುವಾಗ ಒಟಿಪಿ ಅವರ ಫೋನ್‌ಗೆ ಹೋಗುತ್ತದೆ, ಅವರು ಗಿರಾಕಿ ಗದ್ದಲದಲ್ಲಿ ಇರುತ್ತಾರೆ. ಇದಕ್ಕೆ ಟು ಸ್ಟೆಪ್ ವೆರಿಫಿಕೇಶನ್‌ನಲ್ಲಿ ಗೂಗಲ್ ಒಟಿಪಿ ಬದಲು ಹಾಕಬಹುದಾದ 10 ಬ್ಯಾಕಪ್ ಕೋಡ್ ಕೊಡುತ್ತದೆ. ಅವನ್ನು ಪ್ರಿಂಟ್ ತೆಗೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲು ಹೇಳುತ್ತೇನೆ. ಪಾಸ್‌ವರ್ಡ್‌ಗಳೆಲ್ಲಾ ಬಿಟ್‌ವಾರ್ಡನ್ ಅನ್ನುವ ಪಾಸ್‌ವರ್ಡ್ ಇಡುವ ಆ್ಯಪ್‌ನಲ್ಲಿ. ಉಚಿತ ಪ್ಲಾನ್‌ನಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ತೆಗೆಯಬಹುದು. ಚಾಟ್‌ನಲ್ಲಿ ಪಾಸ್‌ವರ್ಡ್ ಕಳಿಸಿದವರಿಗೆ ಅವತ್ತೇ ಬದಲಾಯಿಸಿ ಅನ್ನುತ್ತೇನೆ.

ಕನ್ನಡದ ಕೆಲಸ ತಗೊಳ್ಳುವವರಿಗೆ ಇನ್ನೊಂದು ಮಾತು. ಇಲ್ಲಿನ ಹಳೇ ಡಿಟಿಪಿ ಅಂಗಡಿಗಳಿಂದ ಬರುವ ಫೈಲ್‌ಗಳು ಹೆಚ್ಚಾಗಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಇರುತ್ತವೆ. ಗೂಗಲ್ ಡಾಕ್ಸ್‌ನಲ್ಲಿ ತೆಗೆದರೆ ಅಕ್ಷರವೆಲ್ಲಾ ಅರ್ಥವಿಲ್ಲದ ಗುರುತು. ಮೊದಲು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲಾ ಕಡೆ ಓದಲು ಬರುವ ಅಕ್ಷರ ಪದ್ಧತಿಗೆ, ಬದಲಾಯಿಸಬೇಕು. ಬದಲಾದ ಮೇಲೂ ಸುಮ್ನೆ ನಂಬಬೇಡಿ. ಅರ್ಕಾವತ್ತು, ಒತ್ತಕ್ಷರ ಬಂದಲ್ಲೆಲ್ಲಾ ಒಮ್ಮೆ ಕಣ್ಣಾಡಿಸಿ. ಒಂದು ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರೇ ತಪ್ಪಾಗಿ ಬಂದಿತ್ತು, ಅಚ್ಚಿಗೆ ಹೋಗುವ ಮೊದಲು ಸಿಕ್ಕಿತು. ಉದ್ದ ಪತ್ರಗಳಿಗೆ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಬಳಸುತ್ತೇನೆ, ಕನ್ನಡ ಚೆನ್ನಾಗಿಯೇ ಹಿಡಿಯುತ್ತದೆ. ನಮ್ಮ ಮಾತಿನ ಧಾಟಿಯಲ್ಲಿ ಹೇಳಿದರೆ ಮಾತ್ರ ತಡವರಿಸುತ್ತದೆ.

ಬೇಸಿಗೆಯಲ್ಲಿ ಕರೆಂಟ್ ಕೈ ಕೊಡುವುದು ನಿಮಗೂ ಗೊತ್ತಿದ್ದದ್ದೇ, ಅಲ್ವಾ? ಇನ್ವರ್ಟರ್ ಇದ್ದರೂ ಒಮ್ಮೊಮ್ಮೆ ನೆಟ್ ಇರುವುದಿಲ್ಲ. ಡ್ರೈವ್‌ನಲ್ಲಿ ಆಫ್‌ಲೈನ್ ಸೆಟ್ಟಿಂಗ್ ಮೊದಲೇ ಆನ್ ಮಾಡಿಟ್ಟಿರಬೇಕು, ನೆಟ್ ಹೋದ ಮೇಲೆ ಆನ್ ಮಾಡಲು ಬರುವುದಿಲ್ಲ. ನೆಟ್ ಇಲ್ಲದೆ ಒಂದು ಸಾಲೂ ಬರೆಯಲು ಬಿಡದ ಆ್ಯಪ್‌ಗಳನ್ನು ನಾನು ಕೈಬಿಟ್ಟಿದ್ದು ಇದೇ ಕಾರಣಕ್ಕೆ.

ಮೀಟಿಂಗ್‌ಗೆ ಗೂಗಲ್ ಮೀಟ್ ಸಾಕು. ಝೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ಅಮೆರಿಕದ ಗಿರಾಕಿ ಇದ್ದರೆ ಕ್ಯಾಲೆಂಡರ್‌ನಲ್ಲಿ ಎರಡನೇ ಟೈಮ್ ಝೋನ್ ಹಾಕಿಕೊಳ್ಳಿ. ನ್ಯೂಯಾರ್ಕ್‌ನ ಬೆಳಿಗ್ಗೆ 9 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದೆ ಸರಿಸಿದ ಮೇಲೆ 7.30. ಬಿಲ್‌ಗೆ ಝೋಹೊ ಇನ್‌ವಾಯ್ಸ್, ತಿಂಗಳಿಗೊಮ್ಮೆ ತೆಗೆದರೆ ಆಯಿತು.

ದುಡ್ಡು ಕೊಟ್ಟು ತಗೊಳ್ಳುವ ಮುಂಚೆ ಆ್ಯಪ್‌ನಲ್ಲಿ ಒಬ್ಬ ಗಿರಾಕಿಯ ನಿಜವಾದ ಕೆಲಸವನ್ನು ಒಂದು ತಿಂಗಳು ಮಾಡಿ ನೋಡುತ್ತೇನೆ. ಕೊನೆಗೆ ಎಕ್ಸ್‌ಪೋರ್ಟ್ ಒತ್ತಿ, ಎಲ್ಲಾ ಡೇಟಾ ಎಕ್ಸೆಲ್ ಫೈಲ್ ಆಗಿ ಹೊರಗೆ ಬರುತ್ತದಾ ಅಂತ ಪರೀಕ್ಷೆ ಮಾಡುತ್ತೇನೆ. ಬರದಿದ್ದರೆ ಬೇಡ, ಎಷ್ಟೇ ಚೆಂದ ಇರಲಿ.

ಕಳೆದ ತಿಂಗಳು ಆ ಸೀರೆ ಅಂಗಡಿಯವರು ತಮ್ಮ ಮಗಳನ್ನೇ ಈ ಕೆಲಸಕ್ಕೆ ಕೂರಿಸಿದರು. ನಾನು ಹೋಗಿ ಅವಳ ಪಕ್ಕ ಕೂತು ಜಿಮೇಲ್ ಪಾಸ್‌ವರ್ಡ್ ಅವಳ ಕೈಲೇ ಬದಲು ಮಾಡಿಸಿದೆ. ನನ್ನ ಲ್ಯಾಪ್‌ಟಾಪ್‌ನಿಂದ ಲಾಗೌಟ್ ಆಗಿ, ಗುಲಾಬಿ ಪ್ರೊಫೈಲ್ ಅಳಿಸಿದೆ. ಫೋಟೊ, ಲೆಕ್ಕ, ಗಿರಾಕಿಗಳ ಪಟ್ಟಿ ಎಲ್ಲಾ ಅವರ ಹೆಸರಲ್ಲೇ ಇತ್ತು. ಅವರಮ್ಮ ತಂದ ಚಹಾ ಇನ್ನೂ ಬಿಸಿ ಇತ್ತು, ಅಷ್ಟರಲ್ಲಿ ಕೆಲಸ ಮುಗಿದಿತ್ತು.