ಹಿತ್ತಾಳೆಯ ಟ್ರಿಗರ್ ಗಾರ್ಡ್ ಮರದ ಮಟ್ಟಕ್ಕೆ ಕೂಡಿಸಿದ್ದು

ಬೀದರಿನಲ್ಲಿ ಲೈಸೆನ್ಸ್ ಇರುವ ಬಂದೂಕು ರಿಪೇರಿ ಅಂಗಡಿಯೊಂದರ ಮರಗೆಲಸ ನನ್ನದು. ಔರಾದ ಕಡೆಯ ರೈತರೊಬ್ಬರ ಹಳೆಯ ಬಂದೂಕಿಗೆ ಅಕ್ರೋಟ್ ಮರದ ಹೊಸ ಹಿಡಿ ಮಾಡಬೇಕಿತ್ತು. ನಳಿಗೆ ಬಾಯಿಂದ ಮದ್ದು ತುಂಬುವ ಬಂದೂಕು ಅದು. ನಳಿಗೆ ಕೂಡಿಸುವುದಕ್ಕಿಂತ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರಿನ ಸುತ್ತ ಕಾವಲಿಗಿರುವ ಹಿತ್ತಾಳೆ ಬಳೆ, ಕೂಡಿಸುವುದೇ ನನಗೆ ದೊಡ್ಡ ಕೆಲಸ. ಅದರ ಹಿಂದೆ ಮುಂದೆ ಚಾಚಿ ಮರದೊಳಗೆ ಕೂರುವ ಹಿತ್ತಾಳೆ ಬಾಲಗಳು ಎಲ್ಲರ ಕಣ್ಣಿಗೂ ಬೀಳುತ್ತವೆ, ಕೂದಲೆಳೆಯಷ್ಟು ಸಂದಿಯಾದರೂ ಕಾಣುತ್ತದೆ.

ನಮ್ಮೂರಿನ ಚೌಬಾರಾ ಗೋಪುರದ ಹತ್ತಿರದ ಬಿದರಿ ಕೆಲಸದವರನ್ನು ನೋಡುತ್ತ ಬೆಳೆದವನು ನಾನು. ಅವರು ಗೆರೆ ಕೊರೆದು ಬೆಳ್ಳಿ ತಂತಿ ಇಟ್ಟು ಬಡಿದರೆ ಬೆಳ್ಳಿ ಹರಡಿ ಸಂದಿ ತುಂಬಿಕೊಳ್ಳುತ್ತದೆ. ಎರಕದ ಹಿತ್ತಾಳೆ ಹಾಗೆ ಹರಡುವುದಿಲ್ಲ, ಕೊರೆತದಲ್ಲೇ ಅಳತೆ ಕೂಡಬೇಕು.

ಮೊದಲು ಲೋಹವನ್ನೇ ಮರದ ಬಾಗಿಗೆ ತಂದೆ. ಗಾರ್ಡನ್ನು ಮಂದ ಕೆಂಪಾಗುವವರೆಗೆ ಕಾಯಿಸಿ, ನೀರಿಗೆ ಹಾಕಿ, ಪೂರ್ತಿ ತಣ್ಣಗಾದ ಮೇಲೆ ಬಗ್ಗಿಸಿದೆ. ಬಿಸಿಯಿದ್ದಾಗ ಬಗ್ಗಿಸಿದರೆ ಎರಕದ ಹಿತ್ತಾಳೆ ಮುರಿಯುವ ಭಯ. ಆಮೇಲೆ ಬಾಲಗಳ ಅಂಚನ್ನು ಕೆಳಮುಖವಾಗಿ ಸ್ವಲ್ಪ ಇಳಿಜಾರಾಗಿ ಅರದಿಂದ ತೀಡಿದೆ. ಮೇಲೆ ಅಗಲ, ಕೆಳಗೆ ಸಣ್ಣ. ಕೆಳಗಿಳಿದಂತೆಲ್ಲ ಬೆಣೆಯ ಹಾಗೆ ಬಿಗಿಯಾಗಿ ಅಂಚಿನ ಗೆರೆ ತಾನೇ ಮುಚ್ಚುತ್ತದೆ.

ಟ್ರಿಗರ್ ತನ್ನ ಜಾಗದಲ್ಲಿ ಕೂತ ಮೇಲೆಯೇ ಗಾರ್ಡಿನ ಜಾಗ ಗುರುತು ಹಾಕಿದೆ. ಮೊದಲು ಮುಂದಿನ ಬಾಲ ಮಾತ್ರ. ಹಿಡಿ ಬಾಗಿರುವುದರಿಂದ ಗಾರ್ಡ್ ಒಳಗಿಳಿದಂತೆ ಹಿಂದಿನ ತುದಿ ಸರಿಯುತ್ತದೆ. ಎರಡನ್ನೂ ಒಟ್ಟಿಗೆ ಗೆರೆ ಎಳೆದರೆ ಹಿಂದೆ ಸಂದಿ ಬೀಳುವುದು ಖಂಡಿತ. ಚಾಕುವಿನ ಮೊನೆಯಿಂದ ಗೆರೆಯ ಒಳಮಗ್ಗುಲಲ್ಲೇ ಕೊಯ್ದು, ಸಣ್ಣ ಉಳಿಯಿಂದ ಮರ ತೆಗೆದೆ.

ಮುಂದಿನದೆಲ್ಲ ಮಸಿಯ ಕೆಲಸ. ದೀಪದ ಮಸಿಗೆ ಎಣ್ಣೆ ಕಲಸಿ ಬಾಲದ ತಳಕ್ಕೂ ಅಂಚಿಗೂ ತೆಳ್ಳಗೆ ಹಚ್ಚುವುದು, ಕೂಡಿಸಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಎತ್ತಿ ನೋಡುವುದು. ಕಪ್ಪು ಬಿದ್ದಲ್ಲಿ ಮಾತ್ರ ಕೆರೆಯಬೇಕು. ಶುರುವಿಗೆ ಒಂದೆರಡು ಚುಕ್ಕೆ, ಆಮೇಲೆ ಅಂಚಿನುದ್ದಕ್ಕೂ ಗೆರೆ, ಕೊನೆಗೆ ತಳವೆಲ್ಲ ಒಂದೇ ಸಮ ಕಪ್ಪು. ಅಷ್ಟಾದರೆ ಲೋಹ ಪೂರ್ತಿ ಮರದ ಮೇಲೆ ಕೂತಿದೆ ಎಂದೇ ಅರ್ಥ. ಬಂದೂಕಿನ ಮಾಲೀಕರು ನೋಡಿ, “ಇಷ್ಟ್ಯಾಕ ತಡಾ ತಮ್ಮಾ, ಒಮ್ಮೆಲೆ ಕೊರದು ಕೂಡಸಬಾರದ?” ಅಂದರು. “ಕಾಕಾ, ತೆಗದ ಮರ ಮತ್ತ ಹಚ್ಚಲಿಕ್ಕ ಬರಲ್ರಿ” ಅಂದೆ.

ಹಿತ್ತಾಳೆಯನ್ನು ಕಾಗದದಷ್ಟು ಮೇಲೆ ಬಿಟ್ಟು, ಸ್ಕ್ರೂ ಬಿಗಿದು, ಅರದಿಂದ ಲೋಹ ಮರ ಎರಡನ್ನೂ ಒಟ್ಟಿಗೆ ಇಳಿಸಿದೆ. ಇಲ್ಲಿ ಬರೀ ಸ್ಯಾಂಡ್ ಪೇಪರ್ ಬೇಡವೇ ಬೇಡ. ಅದು ಮೆತ್ತನೆಯ ಮರವನ್ನು ಬೇಗ ತಿಂದು ಹಿತ್ತಾಳೆಯ ಸುತ್ತ ತಗ್ಗು ಮಾಡುತ್ತದೆ. ಕೊನೆಯ ಉಜ್ಜುವಿಕೆಗೂ ಪೇಪರಿನ ಹಿಂದೆ ಗಟ್ಟಿ ಮರದ ತುಂಡು ಇರಲೇಬೇಕು.

ಮಳೆಗಾಲದ ತೇವ ಕುಡಿದ ಮರದಲ್ಲಿ ಈ ಕೆಲಸ ಮಾಡಬಾರದು. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಮರ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ. ಅಂಚು ಮೇಲೆದ್ದು ಬೆರಳಿಗೆ ತಾಗುತ್ತದೆ, ಮರ ಸೀಳಲೂಬಹುದು. ಅದಕ್ಕೇ ಚೆನ್ನಾಗಿ ಒಣಗಿದ ಹಿಡಿಯನ್ನೇ ತೆಗೆದುಕೊಂಡಿದ್ದೆ. ಗಾರ್ಡ್ ಬಿಚ್ಚಿ, ಹೊರಮೈಗಿಂತ ಮೊದಲು ಕೊರೆದ ಗುಂಡಿಯೊಳಗೆ ಅಗಸೆ ಎಣ್ಣೆ ಹಚ್ಚಿದೆ. ಹೊರಗೆ ಎಷ್ಟು ಪಾಲಿಶ್ ಮಾಡಿದರೂ ಎಣ್ಣೆ ಕಾಣದ ಒಳಮೈಯಿಂದ ಮರಕ್ಕೆ ತೇವ ಸೇರುತ್ತದೆ. ಎಣ್ಣೆ ಒಣಗಿದ ಮೇಲೆ ಗಾರ್ಡ್ ಕೂಡಿಸಿ, ಸ್ಕ್ರೂ ತಲೆಯ ಗೆರೆ ನಳಿಗೆಯ ನೇರಕ್ಕೆ ಬರುವಂತೆ ಬಿಗಿದು ಕಾಕಾರಿಗೆ ತೋರಿಸಿದೆ.