ಡಿಜಿಟಲ್ ಕ್ಯಾಮೆರಾವೋ, ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾವೋ: ಆಯ್ಕೆ ಮಾಡುವ ಬಗೆ

ಡಿಜಿಟಲ್ ಕ್ಯಾಮೆರಾ, ಮೀಡಿಯಂ ಫಾರ್ಮ್ಯಾಟ್ (ಅಂದರೆ 35 ಮಿ.ಮೀ. ಫಿಲ್ಮಿಗಿಂತ ದೊಡ್ಡ ಚೌಕಟ್ಟಿನ) ಫಿಲ್ಮ್ ಕ್ಯಾಮೆರಾ, ಈ ಎರಡರ ನಡುವೆ ಆಯ್ಕೆ ಮಾಡಹೊರಟವರು ಸಾಮಾನ್ಯವಾಗಿ ಯಾವುದರಲ್ಲಿ ಚಿತ್ರ ಹೆಚ್ಚು ಸ್ಪಷ್ಟವಾಗಿ ಬರುತ್ತದೆ ಎಂದು ಕೇಳುತ್ತಾರೆ. ಅದಕ್ಕೂ ಮೊದಲು ತೀರ್ಮಾನಿಸಬೇಕಾದದ್ದು, ತೆಗೆದ ಚಿತ್ರವನ್ನು ಕೊನೆಗೆ ಎಲ್ಲಿ ನೋಡಲಾಗುತ್ತದೆ ಎಂಬುದನ್ನು. ಫೋನಿನ ಪರದೆಯಲ್ಲಿ ಮಾತ್ರ ನೋಡುವ ಚಿತ್ರದಲ್ಲಿ ಮೀಡಿಯಂ ಫಾರ್ಮ್ಯಾಟಿನ ಹೆಚ್ಚುಗಾರಿಕೆ ಬಹುಪಾಲು ಕಾಣಿಸುವುದೇ ಇಲ್ಲ. ದೊಡ್ಡ ಮುದ್ರಣ ನಿಮ್ಮ ಗುರಿಯಾಗಿದ್ದರೆ ಮುಂದಿನ ಲೆಕ್ಕಾಚಾರಕ್ಕೆ ಬೆಲೆಯಿದೆ.

ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳಿಗೆ ಹಾಕುವ, 1901ರಿಂದ ಬಳಕೆಯಲ್ಲಿರುವ 120 ಎಂಬ ಫಿಲ್ಮಿನಲ್ಲಿ 6×6 (ಸೆಂ.ಮೀ.) ಚೌಕಟ್ಟಿನ ಒಂದು ಬದಿ ವಾಸ್ತವದಲ್ಲಿ ಸುಮಾರು 56 ಮಿ.ಮೀ. ಇರುತ್ತದೆ, 36×24 ಮಿ.ಮೀ. ಅಳತೆಯ, ಅಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ಇರುವ ಡಿಜಿಟಲ್ ಕ್ಯಾಮೆರಾದ ಫುಲ್ ಫ್ರೇಮ್ ಸೆನ್ಸರಿಗೆ ಹೋಲಿಸಿದರೆ ಅದರ ವಿಸ್ತೀರ್ಣ ಮೂರೂವರೆ ಪಟ್ಟಿಗೂ ಹೆಚ್ಚು. 40 ಸೆಂ.ಮೀ. ಚೌಕದ ಮುದ್ರಣಕ್ಕೆ ಈ ನೆಗೆಟಿವನ್ನು ಏಳು ಪಟ್ಟು ಹಿಗ್ಗಿಸಿದರೆ ಸಾಕು, ಆದರೆ 35 ಮಿ.ಮೀ. ಫಿಲ್ಮಿನ ನೆಗೆಟಿವನ್ನು ಸುಮಾರು ಹದಿನೇಳು ಪಟ್ಟು ಹಿಗ್ಗಿಸಬೇಕಾಗುತ್ತದೆ. ಫಿಲ್ಮಿನ ಕಣಗಳು ಎದ್ದು ಕಾಣದಿರುವುದಕ್ಕೂ ಬೆಳಕಿನಿಂದ ನೆರಳಿಗೆ ಬಣ್ಣ ನಯವಾಗಿ ಇಳಿಯುವುದಕ್ಕೂ ಇದೇ ಕಾರಣ. ಆದರೂ ಸೂಕ್ಷ್ಮ ವಿವರಗಳ ಮಟ್ಟಿಗೆ ಇಂದಿನ 45 ಅಥವಾ 60 ಮೆಗಾಪಿಕ್ಸೆಲ್‌ನ ಡಿಜಿಟಲ್ ಕ್ಯಾಮೆರಾ ಸ್ಕ್ಯಾನ್ ಮಾಡಿದ 6×6 ನೆಗೆಟಿವಿಗೆ ಸರಿಸಾಟಿಯಾಗಿ ನಿಲ್ಲುತ್ತದೆ, ಎಷ್ಟೋ ಸಲ ಅದನ್ನು ಮೀರಿಸುತ್ತದೆ. ಆದುದರಿಂದ ಸ್ಪಷ್ಟತೆಯೊಂದನ್ನೇ ಬಯಸುವವರು ಫಿಲ್ಮಿನ ಕಡೆಗೆ ಹೊರಳಬೇಕಾದ ಅಗತ್ಯವನ್ನು ನಾನು ಕಾಣೆ.

ಸ್ಕ್ಯಾನ್ ಎಂಬ ಮಾತನ್ನು ಇಲ್ಲಿ ಲಘುವಾಗಿ ಪರಿಗಣಿಸಬಾರದು. ಮನೆಯ ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ 2400 ಡಿಪಿಐ (ಇಂಚಿಗೆ 2400 ಬಿಂದು) ಮಟ್ಟದಲ್ಲಿ ಸ್ಕ್ಯಾನ್ ಮಾಡಿದಾಗ 6×6 ನೆಗೆಟಿವಿನಿಂದ ಸುಮಾರು 28 ಮೆಗಾಪಿಕ್ಸೆಲ್‌ನ ಕಡತ ದೊರೆಯುತ್ತದೆ. ಫಿಲ್ಮಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಅಡಗಿದ್ದರೂ ಅದು ಕಡತಕ್ಕೆ ಇಳಿಯುವುದಿಲ್ಲ. ಕತ್ತಲೆ ಕೋಣೆಯಲ್ಲಿ ನೇರವಾಗಿ ಕಾಗದದ ಮೇಲೆ ಮುದ್ರಿಸುವವರಿಗೆ ಈ ಮಿತಿ ತಟ್ಟುವುದಿಲ್ಲ, ಮತ್ತು ಫಿಲ್ಮನ್ನು ಆರಿಸಿಕೊಳ್ಳಲು ನನಗೆ ತಿಳಿದ ಅತ್ಯಂತ ಬಲವಾದ ಕಾರಣವೂ ಅದೇ.

ಬೆಳಕನ್ನು ಅಳೆಯುವ ಅಭ್ಯಾಸ ಎರಡರಲ್ಲಿಯೂ ತಿರುಗುಮುರುಗಾಗಿರುತ್ತದೆ. ಡಿಜಿಟಲ್ ಸೆನ್ಸರಿನಲ್ಲಿ ಹೊಳಪಿನ ಭಾಗ ಒಮ್ಮೆ ಪೂರ್ತಿ ಬಿಳುಚಿಕೊಂಡರೆ ಅಲ್ಲಿನ ವಿವರವನ್ನು ಮರಳಿ ಪಡೆಯಲಾಗದು, ಆದ್ದರಿಂದ ಹೊಳಪನ್ನು ಕಾಪಾಡಿಕೊಂಡು ನೆರಳನ್ನು ಆಮೇಲೆ ಎತ್ತುವುದು ವಾಡಿಕೆ. ಕಲರ್ ನೆಗೆಟಿವ್ ಫಿಲ್ಮು ಎರಡು ಸ್ಟಾಪ್‌ಗಳಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು) ಹೆಚ್ಚು ಬೆಳಕನ್ನು ಸಲೀಸಾಗಿ ತಾಳಿಕೊಳ್ಳುತ್ತದೆ, ಬೆಳಕು ಕಡಿಮೆಯಾದರೆ ಮಾತ್ರ ನೆರಳಿನ ಭಾಗ ಮಸುಕಾಗಿ ಕೆಸರುಗಟ್ಟುತ್ತದೆ. ಆದ್ದರಿಂದ ಬೆಳಕನ್ನು ಅಳೆಯುವ ಮೀಟರನ್ನು ನೆರಳಿಗೆ ಹಿಡಿಯಬೇಕು. ನೆಗೆಟಿವಿನ ಬದಲು ನೇರವಾಗಿ ಪಾಸಿಟಿವ್ ಚಿತ್ರವನ್ನೇ ಕೊಡುವ ವೆಲ್ವಿಯಾದಂಥ ಸ್ಲೈಡ್ ಫಿಲ್ಮಿಗೆ ಈ ಔದಾರ್ಯವಿಲ್ಲ, ಹೊಸಬರು ಅದನ್ನು ಸದ್ಯಕ್ಕೆ ದೂರವಿಡುವುದೇ ಲೇಸು.

ಒಂದು ರೋಲಿನಲ್ಲಿ 6×6ಕ್ಕೆ 12 ಚಿತ್ರಗಳು, 6×7ಕ್ಕೆ 10 ಚಿತ್ರಗಳು ಮಾತ್ರ ಸಿಗುತ್ತವೆ. ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಎಂಬ 6×6 ಫಿಲ್ಮ್ ಕ್ಯಾಮೆರಾದ ಒಡಲಿನಲ್ಲಿ ಲೈಟ್ ಮೀಟರೇ ಇಲ್ಲ. ಮೇಲಿನಿಂದ ನೋಡುವ ಅದರ ವ್ಯೂಫೈಂಡರಿನಲ್ಲಿ ಎಡಬಲಗಳು ಅದಲುಬದಲಾಗಿ ಕಾಣುತ್ತವೆ. ಓಡಾಡುವ ಮಕ್ಕಳು, ಆಟದ ಮೈದಾನ, ಮಬ್ಬುಬೆಳಕಿನ ಸಭಾಂಗಣ, ಅದೇ ದಿನ ಒಪ್ಪಿಸಬೇಕಾದ ಕೆಲಸ, ಇವುಗಳಿಗೆಲ್ಲ ಡಿಜಿಟಲ್ಲೇ ಸರಿ ಎಂಬುದರಲ್ಲಿ ಎರಡು ಮಾತಿಲ್ಲ. ಕುಳಿತ ವ್ಯಕ್ತಿಯ ಭಾವಚಿತ್ರ, ಭೂದೃಶ್ಯ, ಕಟ್ಟಡ ಇಂಥವುಗಳಲ್ಲಿ ತ್ರಿಪಾದಿಯ ಮೇಲಿನ ನಿಧಾನ ಗತಿ ಅಡ್ಡಿಯಾಗದು. ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದ ಮಸೂರದೊಳಗೇ ಇರುವ ಶಟರು (ಬೆಳಕನ್ನು ಕ್ಷಣಕಾಲ ಒಳಬಿಡುವ ಭಾಗ) 1/500 ಸೆಕೆಂಡಿನವರೆಗಿನ ಎಲ್ಲ ವೇಗಗಳಲ್ಲಿಯೂ ಫ್ಲ್ಯಾಶಿನೊಂದಿಗೆ ಹೊಂದಿಕೊಳ್ಳುವುದರಿಂದ ಹಗಲು ಬೆಳಕಿನ ಭಾವಚಿತ್ರಗಳಿಗೆ ಅದು ವಿಶೇಷವಾಗಿ ಒದಗಿಬರುತ್ತದೆ.

ಫಿಲ್ಮ್ ಕ್ಯಾಮೆರಾವೇ ಬೇಕೆಂದು ನಿಶ್ಚಯಿಸಿದರೆ, ಹೆಚ್ಚಾಗಿ ಬಳಸಿದ ಕ್ಯಾಮೆರಾವನ್ನೇ ಕೊಳ್ಳಬೇಕಾಗುತ್ತದೆ, ಆದ್ದರಿಂದ ಕೈಯಲ್ಲಿ ಹಿಡಿದು ಪರೀಕ್ಷಿಸದೆ ಕೊಳ್ಳಬೇಡಿ. ಯಾಶಿಕಾ ಮ್ಯಾಟ್‌ನಂಥ ಎರಡು ಮಸೂರದ ಕ್ಯಾಮೆರಾವಾದರೆ ಹಿಂಬಾಗಿಲನ್ನು ತೆರೆದು, ಶಟರನ್ನು 1 ಸೆಕೆಂಡಿಗೆ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಒತ್ತಿ ನೋಡಿ. ಒಳಗಿನ ಎಣ್ಣೆ ಅಂಟಾಗಿದ್ದರೆ ಶಟರಿನ ಎಲೆಗಳು ಎರಡು ಮೂರು ಸೆಕೆಂಡು ತೆರೆದೇ ಉಳಿಯುತ್ತವೆ, ಇಲ್ಲವೇ ಅರ್ಧದಲ್ಲಿ ನಿಂತುಬಿಡುತ್ತವೆ. ಶಟರಿನ ಹೆಚ್ಚಿನ ವೇಗಗಳಲ್ಲಿ ಇದು ಗೊತ್ತಾಗುವುದಿಲ್ಲ. ಬಳಿಕ ಅಪರ್ಚರನ್ನು (ಮಸೂರದಲ್ಲಿ ಬೆಳಕು ಹಾಯುವ ಕಂಡಿಯನ್ನು) ಪೂರ್ತಿ ತೆರೆದು, ಮಸೂರದ ಮೂಲಕ ಟಾರ್ಚಿನ ಬೆಳಕು ಹಾಯಿಸಿ, ಜೇಡರ ಬಲೆಯಂತಹ ಬೂಷ್ಟಿನ ಎಳೆಗಳಿವೆಯೇ ಎಂದು ಓರೆಯಾಗಿ ನೋಡಬೇಕು. ಮಾಮಿಯಾ ಆರ್‌ಬಿ67 ಆಗಿದ್ದರೆ ಅದರ ಮಡಿಕೆಯ ಬೆಲ್ಲೋಸಿನಲ್ಲಿ ಸೂಜಿರಂಧ್ರಗಳಿವೆಯೇ ಎಂಬುದನ್ನೂ, ಫಿಲ್ಮ್ ಕೂರುವ ಬೆನ್ನುಭಾಗದ ಅಂಚಿನ ಫೋಮ್ ಪಟ್ಟಿ ಪುಡಿಯಾಗುತ್ತಿದೆಯೇ ಎಂಬುದನ್ನೂ ಪರಿಶೀಲಿಸಿ. ಅದರ ತೂಕ ಎರಡು ಕಿಲೋಗ್ರಾಮಿಗೂ ಹೆಚ್ಚಿರುವುದರಿಂದ ಕೊರಳಿಗೆ ಹಾಕಿಕೊಂಡು ಸ್ವಲ್ಪ ದೂರ ನಡೆದು ನೋಡುವುದೂ ಪರೀಕ್ಷೆಯ ಭಾಗವೇ.

ಸಾಧ್ಯವಾದರೆ ಕೊಳ್ಳುವ ಮೊದಲು ಪರಿಚಿತರಿಂದ ಒಂದು ಫಿಲ್ಮ್ ಕ್ಯಾಮೆರಾ ಎರವಲು ಪಡೆದು, ನೀವು ನಿಜವಾಗಿ ತೆಗೆಯಬಯಸುವ ವಿಷಯವನ್ನೇ ಡಿಜಿಟಲ್ಲಿನಲ್ಲಿಯೂ ಒಂದು ರೋಲಿನಲ್ಲಿಯೂ ತೆಗೆಯಿರಿ. ರೋಲು ಕಪ್ಪುಬಿಳುಪಿನದಾಗಿರಲಿ, ಏಕೆಂದರೆ ಅದನ್ನು 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮನೆಯಲ್ಲಿಯೇ ಡೆವಲಪ್ ಮಾಡಬಹುದು. ಕಲರ್ ನೆಗೆಟಿವಿಗೆ ಸುಮಾರು 38 ಡಿಗ್ರಿಯಷ್ಟು ಬಿಸಿಯಾದ ದ್ರಾವಣವನ್ನು ಏರುಪೇರಿಲ್ಲದೆ ಕಾಯ್ದುಕೊಳ್ಳಬೇಕು. ಡಿಜಿಟಲ್ ಚಿತ್ರವನ್ನೂ ಕಪ್ಪುಬಿಳುಪಿಗೆ ತಿರುಗಿಸಿ, ಎರಡನ್ನೂ ಒಂದೇ ಅಳತೆಯಲ್ಲಿ ಮುದ್ರಿಸಿ, ಒಂದು ವಾರ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ತೂಗುಹಾಕಿ ನೋಡಿ, ಆಮೇಲೆ ಹಣ ಹೂಡಿ.