ನಾಲ್ಕು ಕೆಜಿ ಏರಿದ ದಿನ

ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ನಾನು ನರ್ಸ್. ಕಿಡ್ನಿ ಕೆಟ್ಟವರಿಗೆ ಕುಡಿದ ನೀರು ಸರಿಯಾಗಿ ಹೊರಗೆ ಹೋಗದೆ ಮೈಯಲ್ಲೇ ನಿಂತು ತೂಕ ಏರುತ್ತದೆ. ಹೋದ ವರ್ಷ ಒಬ್ಬರು ಎರಡು ಡಯಾಲಿಸಿಸ್ ನಡುವೆ ನಾಲ್ಕು ಕೆಜಿ ತೂಕ ಏರಿಸಿಕೊಂಡು ಬಂದರು. ಟೆಂಪೊ ಓಡಿಸುತ್ತಿದ್ದವರು, ನಲವತ್ತು ದಾಟಿದವರು. ‘ಎಷ್ಟು ಹೇಳಿದ್ರೂ ನೀರು ಕುಡೀತೀರಲ್ಲ ಅಣ್ಣ’ ಎಂದು ಎಲ್ಲರೆದುರೇ ಬೈದುಬಿಟ್ಟೆ. ಅವರು ಮಾತಾಡಲಿಲ್ಲ. ಮುಂದಿನ ಸರದಿಗೆ ಬರಲೇ ಇಲ್ಲ. ಆಮೇಲೆ ಬಂದಾಗ ಮೇಲುಸಿರು ಬಿಡುತ್ತಿದ್ದರು.

ಡಯಾಲಿಸಿಸ್ ಸೂಜಿ ಹಾಕಲೆಂದು ಕೈಯ ಎರಡು ರಕ್ತನಾಳಗಳನ್ನು ಜೋಡಿಸಿರುತ್ತಾರೆ, ಅದೇ ಫಿಸ್ಟುಲಾ. ಅದನ್ನು ಮಾಡಿದ ಕೈ ಮೇಲೆ ಬೆರಳಿಟ್ಟರೆ ಒಳಗೆ ಜುಂ ಅನ್ನಬೇಕು, ಮುಷ್ಟಿಯಲ್ಲಿ ಜೇನುಹುಳ ಹಿಡಿದ ಹಾಗೆ. ಅದು ನಿಂತರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಬನ್ನಿ ಎಂದು ಎಲ್ಲರಿಗೂ ಹೇಳಿಕೊಟ್ಟಿರುತ್ತೇವೆ. ಅವತ್ತು ಅವರಿಗೆ ಸೂಜಿ ಹಾಕುವ ಮುಂಚೆ ‘ಬೆಳಗ್ಗೆ ಮುಟ್ಟಿ ನೋಡಿದ್ರಾ?’ ಎಂದೆ. ತಿಂಗಳಿಂದ ನೋಡಿಲ್ಲವಂತೆ. ‘ನಿಂತ್ರೆ ನಿಲ್ಲಲಿ ಬಿಡಿ ಸಿಸ್ಟರ್.’

ನೀರಿನ ಲೆಕ್ಕ ತಪ್ಪಿದ್ದು ನನಗೆ ಕಂಡಿತ್ತು. ಮನಸ್ಸು ಕುಸಿದಿದ್ದು ಕಂಡಿರಲಿಲ್ಲ. ಸುಸ್ತು, ಹಸಿವಿಲ್ಲ, ನಿದ್ದೆ ಬರಲ್ಲ ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. ಕಿಡ್ನಿ ಕೆಟ್ಟರೂ ಹಾಗೇ ಆಗುತ್ತದೆ, ಖಿನ್ನತೆಯಲ್ಲೂ ಹಾಗೇ. ಅದಕ್ಕೇ ಬರೀ ಅವನ್ನು ನಂಬಿಕೊಂಡರೆ ಆಗಲ್ಲ.

ಈಗ ಖಿನ್ನತೆ ಇದೆಯಾ ಎಂದು ತಿಳಿಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳನ್ನು ಕೇಳುತ್ತೇನೆ. ಕಳೆದ ಎರಡು ವಾರ ಹೇಗಿತ್ತು ಅನ್ನೋದರ ಮೇಲೆ ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರಿಗೆ ಹೇಳುತ್ತೇನೆ. ಸಾಯುವ ಯೋಚನೆ ಬಗ್ಗೆ ಇರುವ ಒಂಬತ್ತನೆಯದಕ್ಕೆ ‘ಒಂದೊಂದ್ಸಲ’ ಅಂದರೂ ಸಾಕು, ಒಟ್ಟು ಅಂಕ ಎಷ್ಟೆಂದು ನೋಡುತ್ತಾ ಕೂರುವುದಿಲ್ಲ. ಅವತ್ತೇ ಡಾಕ್ಟರ್ ನೋಡಬೇಕು.

ಕೇಳುವ ಹೊತ್ತೂ ಮುಖ್ಯ. ಶುರುವಿನಲ್ಲಿ ಸೂಜಿಯ ಭಯ, ಕೊನೆಯಲ್ಲಿ ಬಿಪಿ ಇಳಿಯುತ್ತೆ, ಕಾಲು ಹಿಡಿದುಕೊಳ್ಳುತ್ತೆ. ಎರಡನೇ ಗಂಟೆ ಒಳ್ಳೆಯದು. ಪರದೆ ಎಳೆದು, ಸ್ಟೂಲ್ ಹಾಕಿಕೊಂಡು, ಮೆಲ್ಲಗೆ ಕೇಳುತ್ತೇನೆ. ನಿಂತುಕೊಂಡು ಕೇಳಿದರೆ ‘ಚೆನ್ನಾಗಿದೀನಿ’ ಅಂತಲೇ ಉತ್ತರ ಬರುತ್ತದೆ. ಮೊದಲು ಖುಷಿಯಿಂದ ಮಾಡುತ್ತಿದ್ದ ಕೆಲಸ ಯಾವುದು, ಈಗಲೂ ಮಾಡುತ್ತೀರಾ ಎಂದು ಶುರು ಮಾಡುತ್ತೇನೆ. ಈ ಅಣ್ಣ ಎಷ್ಟೋ ಹೊತ್ತು ಸುಮ್ಮನಿದ್ದು, ‘ಗಾಡಿ ಮೇಲೆ ಧೂಳು ಕೂತಿದೆ, ಒರೆಸೋಕೂ ಮನಸ್ಸಿಲ್ಲ’ ಅಂದರು.

ಅವರನ್ನು ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆವು. ಮಾತ್ರೆಯ ಪ್ರಮಾಣವನ್ನು ಕಿಡ್ನಿ ಡಾಕ್ಟರನ್ನೂ ಕೇಳಿಯೇ ಕೊಟ್ಟರು. ದಯವಿಟ್ಟು ಯಾರೂ ಅಂಗಡಿಯಿಂದ ತಾವೇ ತಂದು ನುಂಗಬೇಡಿ. ರಾತ್ರಿ ತಡೆಯಲಾಗದಿದ್ದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎಲ್ಲರೆದುರು ಬೈದಿದ್ದಕ್ಕೆ ತಪ್ಪಾಯ್ತು ಎಂದೂ ಹೇಳಿದೆ.

ಈಗ ಅವರು ಸರದಿ ತಪ್ಪಿಸುವುದಿಲ್ಲ. ಕೈಯನ್ನೂ ಮುಟ್ಟಿ ನೋಡಿಕೊಳ್ಳುತ್ತಾರೆ. ತೂಕ ಒಂದೊಂದು ವಾರ ಈಗಲೂ ಮೂರು ಕೆಜಿ ಏರುತ್ತದೆ. ಬರೆದುಕೊಂಡು, ‘ಈ ಎರಡು ದಿನ ಹೇಗಿತ್ತಣ್ಣ?’ ಎಂದು ಕೇಳುತ್ತೇನೆ. ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಟೆ ಕಾಯುವ ಅವರ ಹೆಂಡತಿಯನ್ನೂ ಈ ತಿಂಗಳಿಂದ ಕೇಳುತ್ತಿದ್ದೇನೆ.